ಗಾಡಿ ಬಂತು, ಶೆಡ್ಡೂ ಬಂತು, ಹೇಳಿಕೊಡುವವರು ಬರಲಿಲ್ಲ: ನಮ್ಮ ಗ್ರಾಮ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ಎಲ್ಲ ಸದಸ್ಯರು,
ನಮ್ಮ ಗ್ರಾಮ ಪಂಚಾಯಿತಿ,
ದಾವಣಗೆರೆ ತಾಲ್ಲೂಕು.

ವಿಷಯ: ಊರಿನ ಕಸದ ವಿಲೇವಾರಿ ಬಗ್ಗೆ.

ಮಾನ್ಯರೇ,

ನಾನು ಭದ್ರಾ ನಾಲೆ ಪಕ್ಕದ ಊರಿನವಳು. ಸಂಜೀವಿನಿ ಸ್ವಸಹಾಯ ಸಂಘದ ಸದಸ್ಯೆ. ಮನೆಯಲ್ಲಿ ಒಂದಿಷ್ಟು ಗದ್ದೆ, ಎರಡು ಎಮ್ಮೆ, ಶಾಲೆಗೆ ಹೋಗುವ ಮಗಳು ಇದ್ದಾಳೆ. ಕಸದ ವಿಷಯವಾಗಿ ಪಂಚಾಯಿತಿ ಆಫೀಸಿಗೆ ಬಂದು ಬಾಯಿಮಾತಲ್ಲಿ ಹೇಳಿದ್ದಾಯಿತು. ಸಂಘದಿಂದ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡಿದ್ದೂ ಆಯಿತು. "ನೋಡೋಣ ಅಕ್ಕಾ, ಮೀಟಿಂಗಲ್ಲಿ ಇಡ್ತೀವಿ" ಅಂದಿರಿ. ಮೀಟಿಂಗುಗಳು ಆಗುತ್ತಲೇ ಇವೆ. ಹಾಗಾಗಿ ಈ ಸಲ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಕಂತಲೇ ಹಾಕಿಲ್ಲ. ಯಾರ ಮಾನ ಕಳೆಯುವುದೂ ನನಗೆ ಬೇಕಿಲ್ಲ. ಅದೂ ಅಲ್ಲದೆ ಹರಿಹರದ ಕಡೆಯ ನನ್ನ ತವರಲ್ಲೂ, ಜಗಳೂರಿಗೆ ಕೊಟ್ಟ ನಾದಿನಿಯ ಊರಲ್ಲೂ ಹೆಚ್ಚು ಕಮ್ಮಿ ಇದೇ ಕತೆ.

ಮೊದಲು ಆಗಿರುವ ಕೆಲಸ ಹೇಳಿಬಿಡುತ್ತೇನೆ. ಊರಾಚೆ ಸರ್ಕಾರಿ ಜಾಗದಲ್ಲಿ ಕಸ ವಿಂಗಡಿಸುವ ಶೆಡ್ ಕಟ್ಟಿಸಿದ್ದೀರಿ. ಅದರ ಗೋಡೆ ಮೇಲೆ 'ಸ್ವಚ್ಛ ಸಂಕೀರ್ಣ' ಎಂದು ಚೆಂದವಾಗಿ ಬರೆಸಿದ್ದೀರಿ. ಕಸ ಎತ್ತುವ 'ಸ್ವಚ್ಛ ವಾಹಿನಿ' ಗಾಡಿ ಬಂದಿದೆ. ಅದನ್ನು ಓಡಿಸುವುದಕ್ಕೆ ನಮ್ಮ ಸಂಘಗಳ ಒಕ್ಕೂಟದ ಹೆಣ್ಣುಮಗಳೇ ತರಬೇತಿ ತಗೊಂಡು ಲೈಸೆನ್ಸ್ ಮಾಡಿಸಿದ್ದಾಳೆ. ಮನೆಗೆ ಎರಡರಂತೆ ಬಕೆಟ್ ಹಂಚಿದ್ದೀರಿ, ಹಸಿ ಕಸಕ್ಕೆ ಹಸಿರು ಒಂದು, ಒಣ ಕಸಕ್ಕೆ ನೀಲಿ ಒಂದು. ಇಷ್ಟೆಲ್ಲ ಮಾಡುವುದು ಸುಮ್ನೆ ಮಾತಲ್ಲ. ಜಾಗ ಗುರುತಿಸುವುದರಿಂದ ಹಿಡಿದು ಬಿಲ್ ಪಾಸಾಗುವ ತನಕ ಎಷ್ಟು ಓಡಾಟ ಇರುತ್ತದೆ ಎಂದು ನನಗೂ ಗೊತ್ತು.

ಆದರೆ ಈಗ ನಡೆಯುತ್ತಿರುವುದು ಏನು?

ಗಾಡಿ ನಮ್ಮ ಕೇರಿಗೆ ಬರುವುದು ಹತ್ತೂವರೆ ಹೊತ್ತಿಗೆ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಹೆಂಗಸರು ಬುತ್ತಿ ಕಟ್ಟಿಕೊಂಡು ಎಂಟಕ್ಕೇ ಆಟೊ ಹತ್ತಿರುತ್ತಾರೆ. ಗಂಡಸರು ತೋಟಕ್ಕೋ ದಾವಣಗೆರೆ ಮಂಡಿಗೋ ಹೋಗಿರುತ್ತಾರೆ. ಮನೆಯಲ್ಲಿ ಇರುವುದು ವಯಸ್ಸಾದವರು. ಮೈಕಿನ ಹಾಡು ಕೇಳಿ ಅವರು ಎದ್ದು ಕಟ್ಟೆ ಇಳಿಯುವಷ್ಟರಲ್ಲಿ ಗಾಡಿ ಮುಂದಿನ ತಿರುವಿನಲ್ಲಿರುತ್ತದೆ. ಮಧ್ಯಾಹ್ನ ಆ ಕಸ ಎಲ್ಲಿಗೆ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಚರಂಡಿಗೆ, ಇಲ್ಲ ನಾಲೆ ಏರಿಗೆ.

ಗಾಡಿ ಸಿಕ್ಕಿದವರ ಪಾಡೂ ಹಾಗೇ ಇದೆ. ನಮ್ಮ ಕೇರಿಯಲ್ಲಿ ಕೆಲವರು ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಇಡುತ್ತಿದ್ದೆವು. ಒಂದು ದಿನ ಪಕ್ಕದ ಮನೆಯ ಅಜ್ಜಿ ಖಾಲಿ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ, ಒಂದರ ಮೇಲೊಂದು ಜೋಡಿಸಿ, ನೂಲು ಕಟ್ಟಿ ಕೊಟ್ಟರು. ಗಾಡಿಯಲ್ಲಿ ಎರಡು ಭಾಗ ಇದೆ, ಆದರೆ ನಡುವಿನ ತಗಡು ಕಿತ್ತು ಹೋಗಿ ಬಹಳ ಕಾಲವಾಯಿತು. ಆ ಕಟ್ಟು ಹೋಗಿ ಬಿದ್ದಿದ್ದು ಹಳಸಿದ ಸಾರು, ಕೋಳಿ ಪುಕ್ಕ, ಡೈಪರ್ ಎಲ್ಲ ಕಲಸಿದ ರಾಶಿ ಮೇಲೆ. ಅಜ್ಜಿ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಎಲ್ಲ ಒಂದೇ ಬಕೆಟ್ಟಿಗೆ ಹಾಕಲು ಶುರು ಮಾಡಿದರು. ಅವರಿಗೆ ಹೋಗಿ "ಬೇರೆ ಮಾಡಿ" ಎಂದು ಹೇಳುವ ಮುಖ ನನಗಂತೂ ಇಲ್ಲ.

ನಾನು ಹೇಳಬೇಕೆಂದಿರುವುದೂ ಇದನ್ನೇ. ಜನ ಕಸ ಬೇರೆ ಮಾಡುವುದಿಲ್ಲ, ಜನಕ್ಕೆ ಬುದ್ಧಿ ಇಲ್ಲ ಎನ್ನುವ ಮಾತು ಪಂಚಾಯಿತಿಯಲ್ಲಿ ಆಗಾಗ ಕೇಳುತ್ತೇನೆ. ಬೇರೆ ಮಾಡಿಕೊಟ್ಟ ಕಸ ಮುಂದೆ ಎಲ್ಲಿಗೆ ಹೋಯಿತು ಎಂದು ಜನಕ್ಕೆ ಕಾಣಬೇಕು. ಅದು ಕಾಣುವ ತನಕ ಯಾವ ಜಾಥಾ ಮಾಡಿದರೂ ಅಷ್ಟೇ.

ಜಾಥಾ ಎಂದಾಗ ನೆನಪಾಯಿತು. ಶಾಲೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಘೋಷಣೆ ಕೂಗಿಸಿದ ದಿನ ಬಸ್‌ಸ್ಟ್ಯಾಂಡಿನಲ್ಲಿ 'ಪ್ಲಾಸ್ಟಿಕ್ ತ್ಯಜಿಸಿ' ಎಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದಿರಿ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟದ ಜೊತೆ ಫ್ಲೆಕ್ಸನ್ನೂ 2016ರ ಮಾರ್ಚಿನಲ್ಲೇ ನಿಷೇಧ ಮಾಡಿದ್ದಾರೆ. ಆ ಫ್ಲೆಕ್ಸ್ ಈಗ ಯಾರದೋ ಹುಲ್ಲಿನ ಬಣವೆ ಮೇಲೆ ಹೊದಿಕೆಯಾಗಿದೆ. ಒಂದು ಲೆಕ್ಕದಲ್ಲಿ ಅದೊಂದೇ ಉಪಯೋಗಕ್ಕೆ ಬಂದಿದ್ದು.

ಹಂಚಿದ ಬಕೆಟ್ಟುಗಳ ಕತೆಯೂ ಹೇಳಬೇಕು. ಬೇಕಾದರೆ ಮನೆ ಮನೆಗೆ ಬಂದು ನೋಡಿ. ಹಸಿರು ಬಕೆಟ್ಟಲ್ಲಿ ಅಕ್ಕಿ, ನೀಲಿ ಬಕೆಟ್ಟಲ್ಲಿ ಎಮ್ಮೆಗೆ ಹಿಂಡಿ ನೆನೆಸಿಟ್ಟಿರುತ್ತಾರೆ. ಗಟ್ಟಿ ಬಕೆಟ್, ಮುಚ್ಚಳ ಬೇರೆ ಇದೆ, ಕಸಕ್ಕೆ ಇಡಲು ಯಾರಿಗೆ ಮನಸ್ಸು ಬರುತ್ತದೆ? ತಮಾಷೆ ಬಿಡಿ. ಹಸಿರು ಬಕೆಟ್ಟು ನಮ್ಮ ಊರಿನ ಮುಕ್ಕಾಲು ಮನೆಗೆ ಬೇಕೇ ಇರಲಿಲ್ಲ. ಸಿಟಿಯ ಲೆಕ್ಕ ತಂದು ಹಳ್ಳಿಗೆ ಹಾಕಿದ್ದಕ್ಕೆ ಹೀಗಾಗಿದೆ. ಇಲ್ಲಿ ಅನ್ನ ಸಾರು ಮಿಕ್ಕರೆ ಕಲಗಚ್ಚಿಗೆ ಹೋಗುತ್ತದೆ. ತರಕಾರಿ ಸಿಪ್ಪೆ ದನ ತಿನ್ನುತ್ತದೆ. ಸಗಣಿ, ಬೂದಿ, ಕಸಕಡ್ಡಿ ತಿಪ್ಪೆಗೆ. ದನ ಇರುವ ಮನೆಯಿಂದ ಹಸಿ ಕಸ ಆಚೆ ಬರಬೇಕಾದ ಕಾರಣವೇ ಇಲ್ಲ. ಆಶ್ರಯ ಮನೆಗಳ ಸಾಲಿನಲ್ಲಿ, ಬಸ್‌ಸ್ಟ್ಯಾಂಡ್ ಅಕ್ಕಪಕ್ಕ ದನ ಇಲ್ಲದ ಮನೆಗಳಿವೆ. ಹಸಿ ಕಸ ಎತ್ತಬೇಕಾದದ್ದು ಅಲ್ಲಿ ಮಾತ್ರ. ಅದಕ್ಕೂ ಗಾಡಿ ಬೇಡ. ಅದೇ ಸಾಲಿನ ಕೊನೆಯಲ್ಲಿ ಎರಡು ಗೊಬ್ಬರದ ಗುಂಡಿ ತೋಡಿದರೆ ಆಯಿತು. ಒಂದು ತುಂಬುವಷ್ಟರಲ್ಲಿ ಇನ್ನೊಂದು ಕೊಳೆತು ಗೊಬ್ಬರವಾಗಿರುತ್ತದೆ. ಎರೆಹುಳ ಬಿಟ್ಟರಂತೂ ಎರಡು ತಿಂಗಳೊಳಗೆ ಜರಡಿ ಹಿಡಿಯಬಹುದು.

ಹಾಗೆ ಮಾಡಿದರೆ ಗಾಡಿ ದಿನಾ ಓಡಬೇಕಾಗಿಲ್ಲ. ವಾರಕ್ಕೆ ಎರಡು ದಿನ, ಬರೀ ಒಣ ಕಸಕ್ಕೆ, ಬೆಳಗ್ಗೆ ಆರೂವರೆಯಿಂದ ಎಂಟರೊಳಗೆ ಬಂದರೆ ಸಾಕು. ಡೀಸೆಲ್ಲೂ ಉಳಿಯುತ್ತದೆ, ಕಸ ಕಲಸುವ ತಾಪತ್ರಯವೂ ತಪ್ಪುತ್ತದೆ.

ಈಗ ತಿಪ್ಪೆಗೆ ಬರೋಣ. ನಮ್ಮ ಅತ್ತೆ ಕಾಲದಲ್ಲಿ ತಿಪ್ಪೆಗೆ ಬಿದ್ದದ್ದೆಲ್ಲ ಮಣ್ಣಾಗುತ್ತಿತ್ತು. ಬೇಸಿಗೆಯಲ್ಲಿ ಗಾಡಿಗೆ ತುಂಬಿ ಹೊಲಕ್ಕೆ ಹೊಡೆದರೆ ಮುಗಿಯಿತು. ಕಸ ಎನ್ನುವುದೇ ಊರಿನಲ್ಲಿ ಇರಲಿಲ್ಲ ಎಂದರೂ ತಪ್ಪಿಲ್ಲ. ಈಗ ಅದೇ ತಿಪ್ಪೆ ಕೆದರಿದರೆ ಏನು ಸಿಗುತ್ತದೆ? ಶಾಂಪೂ ಸ್ಯಾಶೆ, ಬಿಸ್ಕತ್ತಿನ ಕವರು, ಮಾತ್ರೆ ಪಟ್ಟಿ, ಹರಿದ ಗೊಬ್ಬರದ ಚೀಲದ ಎಳೆ, ತೊಂಬತ್ತು ಎಂ.ಎಲ್. ಮದ್ಯದ ಟೆಟ್ರಾ ಪ್ಯಾಕೆಟ್ಟು. ಟ್ರ್ಯಾಕ್ಟರಲ್ಲಿ ತುಂಬಿ ಹೊಲಕ್ಕೆ ಚೆಲ್ಲಿದರೆ ಇವೂ ಜೊತೆಗೇ ಹೋಗುತ್ತವೆ. ಕುಂಟೆ ಹೊಡೆಯುವಾಗ ಅದಕ್ಕೆ ಸುತ್ತಿಕೊಂಡ ಕವರು ಬಿಡಿಸುತ್ತಾ ಕೂತವರನ್ನು ಕೇಳಿ ನೋಡಿ, ಹೇಳುತ್ತಾರೆ.

ಗದ್ದೆಯದು ಇನ್ನೂ ಕಷ್ಟ. ನಾಲೆ ಏರಿ ಮೇಲೆ ಸುರಿದ ಕಸ ನೀರು ಬಿಟ್ಟ ದಿನ ಒಂದೇ ಸಲ ಹೊರಡುತ್ತದೆ. ಬೇಸಿಗೆ ಬೆಳೆಗೆ ಭದ್ರಾ ನೀರು ಬಂದಾಗ ನಮ್ಮ ತೂಬಿನ ಬಾಯಿಯಲ್ಲಿ ಥರ್ಮಾಕೋಲ್ ತಟ್ಟೆ, ಡೈಪರ್, ಕೋಳಿ ಅಂಗಡಿಯ ಮೂಟೆ ಸಿಕ್ಕಿಕೊಂಡು ನೀರು ಆಚೆ ಬರದೆ ನಿಂತಿತ್ತು. ನೀರು ಬಿಡುವ ಸೌಡಿ ಬಂದು ಕೋಲು ಹಾಕಿ ಎಳೆದರೂ ಬರಲಿಲ್ಲ. ಕೊನೆಗೆ ಇಬ್ಬರು ಇಳಿದು ಕೈಯಲ್ಲೇ ಕಿತ್ತರು. ಕೊನೆ ಭಾಗದ ರೈತರು ವರ್ಷಾ ವರ್ಷ ನೀರಿಗಾಗಿ ರಸ್ತೆಗೆ ಕೂರುತ್ತಾರೆ. ಅವರಿಗೆ ನೀರು ಮುಟ್ಟದೇ ಇರುವುದಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ, ಆದರೆ ನಮ್ಮ ಊರಿನ ಕಸವೂ ಒಂದು. ಇದೇ ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿಕೊಂಡು ದಾವಣಗೆರೆ ಸಿಟಿಯವರು ಕುಡಿಯುತ್ತಾರೆ ಎನ್ನುವುದೂ ನೆನಪಿರಲಿ.

ಇನ್ನು ನಾಟಿ. ಕೆಸರಲ್ಲಿ ಬರಿಗಾಲಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ಊರುವವರು ನಾವು. ಕಣ್ಣು ಸಸಿ ಮೇಲಿರುತ್ತದೆ, ಕಾಲ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಒಡೆದ ಬಾಟ್ಲಿ ಚೂರು ಹಿಮ್ಮಡಿಗೆ ಹೊಕ್ಕರೆ ಕೆಸರಿನಲ್ಲಿ ಮೊದಲು ನೋವು ಗೊತ್ತಾಗುವುದಿಲ್ಲ, ನೀರು ಕೆಂಪಾದಾಗಲೇ ಗೊತ್ತಾಗುವುದು. ನಮ್ಮ ಗುಂಪಿನಲ್ಲಿ ಒಬ್ಬಳಿಗೆ ಹೀಗಾಯಿತು. ಟಿಟಿ ಇಂಜೆಕ್ಷನ್, ಹೊಲಿಗೆ, ಆ ಸೀಸನ್ನಿನ ಕೂಲಿ ಪೂರ್ತಿ ಹೋಯಿತು. ಸಂಜೆ ನಾಲೆ ಸೇತುವೆ ಮೇಲೆ ಕೂತು ಕುಡಿದು ಬಾಟ್ಲಿ ಎಸೆಯುವವರು ಯಾರೆಂದು ಊರಿಗೆಲ್ಲ ಗೊತ್ತು. ಅವರ ಮನೆಯ ಹೆಂಗಸರೂ ನಾಟಿಗೆ ಬರುತ್ತಾರೆ.

ಶೆಡ್ಡಿನ ಹಿಂದೆ ಸಂಜೆ ಹೊತ್ತು ಬೆಂಕಿ ಹಚ್ಚುವುದು ಮೊದಲು ನಿಲ್ಲಬೇಕು. ಪಿ.ವಿ.ಸಿ.ಯಂಥ ಪ್ಲಾಸ್ಟಿಕ್ ಹೀಗೆ ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್ ಎನ್ನುವ ವಿಷ ಹೊರಡುತ್ತದೆ. ಅದು ಹೊಗೆಯ ಜೊತೆ ಹಾರಿ ಹೋಗಿ ಮುಗಿಯುವಂಥದ್ದಲ್ಲ. ಹುಲ್ಲಿನ ಮೇಲೆ, ಮಣ್ಣಿನ ಮೇಲೆ ಕೂರುತ್ತದೆ, ದನದ ಮೈಯ ಕೊಬ್ಬಿಗೆ ಸೇರುತ್ತದೆ, ಹಾಲಿನಲ್ಲಿ ಬರುತ್ತದೆ. ಡೈರಿಗೆ ಹಾಲು ಹಾಕುವ ಊರು ನಮ್ಮದು. ಹಾಲಿನ ಫ್ಯಾಟ್ ನೋಡಿ ದುಡ್ಡು ಕೊಡುತ್ತಾರೆ, ಆ ಫ್ಯಾಟಿನೊಳಗೆ ಇನ್ನೇನಿದೆ ಎಂದು ಡೈರಿಯ ಮೆಷಿನ್ ತೋರಿಸುವುದಿಲ್ಲ.

ಸ್ಯಾಶೆ ಬಗ್ಗೆ ಒಂದು ಮಾತು, ಇದು ನನಗೆ ಸ್ವಲ್ಪ ಹೊಟ್ಟೆಯುರಿಯ ವಿಷಯ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆಗಿದ್ದು ಇಷ್ಟೇ, ಮೊದಲು ಒಂದು ಸ್ಯಾಶೆ ಇತ್ತು, ಈಗ ಪಾನ್ ಮಸಾಲಕ್ಕೆ ಒಂದು, ತಂಬಾಕಿಗೆ ಒಂದು. ಒಬ್ಬ ಮನುಷ್ಯ ಬಾಯಿಗೆ ಹಾಕಿಕೊಂಡರೆ ಎರಡು ಕಸ. ಗುಟ್ಕಾ, ತಂಬಾಕು, ಪಾನ್ ಮಸಾಲವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ತುಂಬಿ ಮಾರಬಾರದು ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಇದೆ. ಆದರೂ ಬಸ್‌ಸ್ಟ್ಯಾಂಡಿನ ಪ್ರತಿ ಗೂಡಂಗಡಿಯಲ್ಲೂ ಸರ ಸರ ತೂಗುತ್ತಿರುತ್ತವೆ. ಚನ್ನಗಿರಿ ಸೀಮೆಯ ಅಡಿಕೆ ಉತ್ತರ ಭಾರತಕ್ಕೆ ಹೋಗಿ ಪುಡಿಯಾಗಿ ಸ್ಯಾಶೆಯಲ್ಲಿ ನಮ್ಮ ಚರಂಡಿಗೇ ವಾಪಸ್ ಬರುತ್ತದೆ! ಇದನ್ನು ತಡೆಯುವುದು ಒಂದು ಪಂಚಾಯಿತಿಯ ಕೈಲಿ ಆಗುವ ಕೆಲಸ ಅಲ್ಲ ಎಂದು ಒಪ್ಪುತ್ತೇನೆ. ಆದರೆ ಅಂಗಡಿಗೆ ಲೈಸೆನ್ಸ್ ಕೊಡುವುದು ಪಂಚಾಯಿತಿಯೇ ಅಲ್ವಾ? ಅಂಗಡಿ ಮುಂದೆ ಒಂದು ಚೀಲ ಕಟ್ಟಿರಬೇಕು, ಅಲ್ಲಿ ಕಿತ್ತ ಕವರು ಅಲ್ಲೇ ಬೀಳಬೇಕು, ವಾರಕ್ಕೊಮ್ಮೆ ಆ ಚೀಲ ಗಾಡಿಗೆ ಕೊಡಬೇಕು, ಇಲ್ಲದಿದ್ದರೆ ಲೈಸೆನ್ಸ್ ನವೀಕರಣ ಇಲ್ಲ ಎಂದು ಒಂದು ಠರಾವು ಮಾಡುವುದಕ್ಕೆ ಯಾರ ಅಪ್ಪಣೆ ಬೇಕು?

ಕೋಳಿ ಅಂಗಡಿಗಳಿಗಂತೂ ಇದು ಇನ್ನೂ ಗಟ್ಟಿಯಾಗಿ ಹೇಳಬೇಕು. ಭಾನುವಾರ ಸಂಜೆ ಪುಕ್ಕ, ಕರುಳು ಮೂಟೆ ಕಟ್ಟಿ ಕತ್ತಲಾದ ಮೇಲೆ ನಾಲೆಗೆ ಎಸೆಯುತ್ತಾರೆ. ಅದರ ಹಿಂದೆ ನಾಯಿಗಳ ಹಿಂಡು. ಬೆಳಗ್ಗೆ ಟ್ಯೂಷನ್ನಿಗೆ ಹೋಗುವ ಮಕ್ಕಳು ಆ ದಾರಿ ಬಿಟ್ಟು ಸುತ್ತಿ ಬರುತ್ತಾರೆ. ಅಂಗಡಿಯವರು ಕೂಡಿ ಒಂದು ಆಳವಾದ ಗುಂಡಿ ತೆಗೆಸಿ, ಸುಣ್ಣ ಮಣ್ಣು ಹಾಕಿ ಮುಚ್ಚುವ ಏರ್ಪಾಡು ಮಾಡಿಕೊಳ್ಳಲಿ. ಜಾಗ ನೀವು ತೋರಿಸಿ, ಖರ್ಚು ಅವರು ಹಾಕಲಿ.

ಈಗ ನಾವು ಏನು ಮಾಡಿದೆವು ಎಂದು ಹೇಳುತ್ತೇನೆ. ಬರೀ ದೂರು ಹೇಳುವವಳು ಎಂದು ನೀವು ಅಂದುಕೊಳ್ಳಬಾರದಲ್ಲ.

ನಮ್ಮ ಸಂಘದವರು ನಮ್ಮ ಕೇರಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮನೆ ಮನೆಗೆ ಹೋದೆವು. ಆ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತಾರೆ. ಭಾಷಣ ಮಾಡಲಿಲ್ಲ. ಗೊಬ್ಬರದ ಖಾಲಿ ಚೀಲ ಒಂದೊಂದು ಕೊಟ್ಟು, ಅಡುಗೆಮನೆಯ ಮೊಳೆಗೆ ನಾವೇ ತೂಗುಹಾಕಿ ಬಂದೆವು. ಒಣಗಿರುವುದು ಎಲ್ಲ ಇದಕ್ಕೆ, ಒದ್ದೆ ಇರುವುದು ಕಲಗಚ್ಚಿಗೆ, ಅಷ್ಟೇ ಪಾಠ. ಮಾರನೇ ವಾರ ಮತ್ತೆ ಹೋದಾಗ ಕೆಲವರ ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು, ಕೆಲವರದರಲ್ಲಿ ಹಳೇ ಚಪ್ಪಲಿ. ಒಬ್ಬರ ಮನೆಯಲ್ಲಿ ಚೀಲವೇ ಇರಲಿಲ್ಲ, ಜೋಳ ತುಂಬಿ ಕಟ್ಟಿಟ್ಟಿದ್ದರು. ಬೈಯಲಿಲ್ಲ, ಇನ್ನೊಂದು ಕೊಟ್ಟೆವು. ಅಲ್ಲೇ ನೆಲದ ಮೇಲೆ ಸುರಿದು, ಇದು ಹೌದು, ಇದು ಅಲ್ಲ ಎಂದು ಕೈಯಿಂದಲೇ ತೋರಿಸಿದೆವು. ಸ್ವಲ್ಪ ದಿನಕ್ಕೆ ನಾವು ಹೋಗುವ ಮೊದಲೇ ಮಕ್ಕಳು ಚೀಲ ತಂದು ಕಟ್ಟೆ ಮೇಲೆ ಇಡುತ್ತಿದ್ದರು.

ಕಿರಾಣಿ ಅಂಗಡಿಯವರು ತಕ್ಕಡಿ ಕೊಟ್ಟರು. ತೂಕ ಹಾಕಿ ಪುಸ್ತಕದಲ್ಲಿ ಬರೆದೆವು. ನೀರಿನ ಬಾಟ್ಲಿ, ರಟ್ಟು, ಕಬ್ಬಿಣ, ಹಾಲಿನ ಪ್ಯಾಕೆಟ್ಟು ಗುಜರಿಯವನು ಸಂತೋಷವಾಗಿ ತಗೊಂಡ. ಬಿಸ್ಕತ್ತು, ಚಿಪ್ಸು, ಶಾಂಪೂ ಕವರು ಮಾತ್ರ ಮುಟ್ಟಲಿಲ್ಲ. ಅವುಗಳ ಒಳಗೆ ಬೆಳ್ಳಿ ಬಣ್ಣದ ಪದರ ಇರುತ್ತದಲ್ಲ, ಎರಡು ಮೂರು ತರದ ವಸ್ತು ಅಂಟಿಸಿ ಮಾಡಿದ್ದು. ಕರಗಿಸಿ ಇನ್ನೊಂದು ಸಾಮಾನು ಮಾಡುವುದು ಬಹಳ ಕಷ್ಟ, ಹಾಗಾಗಿ ಅದಕ್ಕೆ ಬೆಲೆ ಇಲ್ಲ. ಆ ಚೀಲಗಳನ್ನು ಶೆಡ್ಡಿಗೆ ತಂದೆವು. "ಇದನ್ನು ತಗೊಂಡು ನಾವೇನು ಮಾಡೋಣ?" ಎಂದು ವಾಪಸ್ ಕಳಿಸಿದರು. ಚೀಲಗಳು ನಮ್ಮ ಸಂಘದ ಅಧ್ಯಕ್ಷೆಯ ದನದ ಕೊಟ್ಟಿಗೆಯಲ್ಲಿ ಕೂತವು. ಇಲಿ ಸೇರಿಕೊಂಡಿತು. ಅವರ ಮನೆಯವರು ಒಂದು ದಿನ ಎಲ್ಲ ಎತ್ತಿ ಸುಟ್ಟುಬಿಟ್ಟರು. ಅವರನ್ನು ಏನಂತ ಅನ್ನೋಣ?

ಹೇಳಿಕೊಡುವ ಕೆಲಸ ಅರ್ಧ ಹಾದಿಗೆ ನಿಂತಿದ್ದು ಅಲ್ಲಿ. ಕೇರಿಯವರು ಕಲಿತರು, ಶೆಡ್ ಕಲಿಯಲಿಲ್ಲ.

ಹಾಗಂತ ಅಂಥ ಕವರಿಗೆ ದಾರಿಯೇ ಇಲ್ಲ ಎಂದಲ್ಲ. ಒಣಗಿಸಿ ಒತ್ತಿ ಗಟ್ಟಿ ಕಟ್ಟು ಮಾಡಿದರೆ ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಜೊತೆ ಉರಿಸುವುದಕ್ಕೆ ತಗೊಳ್ಳುತ್ತವೆ. ಅಲ್ಲಿನ ಕುಲುಮೆಯ ಕಾವು ನಮ್ಮ ಶೆಡ್ಡಿನ ಹಿಂದಿನ ಬೆಂಕಿಗಿಂತ ಬಹಳ ಜಾಸ್ತಿ ಇರುವುದರಿಂದ ವಿಷ ಉಳಿಯುವುದು ಕಡಿಮೆ. ಆದರೆ ಒಂದು ಊರಿನ ನಾಲ್ಕು ಚೀಲಕ್ಕೆ ಯಾರೂ ಲಾರಿ ಕಳಿಸುವುದಿಲ್ಲ. ಹತ್ತಾರು ಪಂಚಾಯಿತಿ ಕೂಡಿ ಒಂದು ಕಡೆ ಸೇರಿಸಬೇಕು. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣ ಕಸ ತಂದು ವಿಂಗಡಿಸುವ ಘಟಕ ಮಾಡಿದ್ದಾರೆ. ದಿನಕ್ಕೆ 10 ಟನ್ ಸಾಮರ್ಥ್ಯದ್ದು. ಅಲ್ಲಿ ಆಗಿದ್ದು ಇಲ್ಲಿ ಆಗಬಾರದೇನು? ಕರಾವಳಿಯವರಿಗೆ ಏನು ಎರಡು ಕೈ ಜಾಸ್ತಿ ಇವೆಯಾ?

ದುಡ್ಡಿಲ್ಲ ಎಂದು ಹೇಳಬೇಡಿ, ದಯವಿಟ್ಟು. 2020-21ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ 5,000 ಜನಸಂಖ್ಯೆವರೆಗಿನ ಊರಿಗೆ ಘನತ್ಯಾಜ್ಯಕ್ಕೆ ಅಂತಲೇ ತಲಾ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ ತಲಾ 45 ರೂಪಾಯಿವರೆಗೆ ಇಟ್ಟರು. ಮೂರು ಸಾವಿರ ಜನರ ಊರಾದರೆ 1 ಲಕ್ಷ 80 ಸಾವಿರ. ಅದರಲ್ಲಿ ಶೇ 30ರಷ್ಟು ಪಂಚಾಯಿತಿಯೇ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಹಾಕಬೇಕಿತ್ತು. ತಾಲ್ಲೂಕಿಗೊಂದು ಪ್ಲಾಸ್ಟಿಕ್ ಘಟಕಕ್ಕೆ 16 ಲಕ್ಷದವರೆಗೆ ಬೇರೆಯೇ ಇತ್ತು. ಆ ಆಯೋಗದ ಅನುದಾನದಲ್ಲೂ 2021-22ರಿಂದ 2025-26ರವರೆಗೆ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಎಂದು ಕಟ್ಟು ಹಾಕಿದ್ದರು. ನಮ್ಮ ಊರಿಗೆ ಎಷ್ಟು ಬಂತು, ಶೆಡ್ಡಿಗೆ ಎಷ್ಟು ಹೋಯಿತು, ಹೇಳಿಕೊಡುವ ಕೆಲಸಕ್ಕೆ ಎಷ್ಟು ಇಟ್ಟಿರಿ ಎನ್ನುವುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ನಾವು ಅರ್ಜಿ ಹಾಕಿ ಕೇಳುವ ಹಾಗೆ ಮಾಡಬೇಡಿ.

ಅಧ್ಯಕ್ಷರೇ, ನೀವು ನಮ್ಮೂರ ಸೊಸೆ, ನಮ್ಮ ಜೊತೆ ನಾಟಿಗೆ ಬಂದವರು. ಆ ಸಭೆಯಲ್ಲಿ ನೀವೇ ಮೈಕ್ ಹಿಡಿದು ಲೆಕ್ಕ ಹೇಳಿ. ನಿಮ್ಮ ಯಜಮಾನರು ಹೇಳುವುದು ಬೇಡ. ಗೆಲ್ಲಿಸಿದ್ದು ನಿಮ್ಮನ್ನ. ಇದನ್ನು ತಪ್ಪು ತಿಳಿಯಬೇಡಿ.

ಗಾಡಿಯ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಅವರ ಗೌರವಧನ ತಿಂಗಳುಗಟ್ಟಲೆ ಬಾಕಿ ಇರುತ್ತದೆ. ಕೇಳಿದರೆ ಒಕ್ಕೂಟದ ಕಡೆ ಕೈ ತೋರಿಸುತ್ತೀರಿ, ಒಕ್ಕೂಟದವರು ಪಂಚಾಯಿತಿ ಕಡೆ ತೋರಿಸುತ್ತಾರೆ. ಕೊಟ್ಟ ಕೈಗವಸು ಹರಿದ ಮೇಲೆ ಹೊಸದು ಬರಲಿಲ್ಲ, ಬರಿಗೈಯಲ್ಲಿ ಡೈಪರ್ ಎತ್ತುತ್ತಾರೆ. ಗಾಡಿ ಓಡಿಸುವ ಹುಡುಗಿಗೆ "ಈ ಕೆಲಸ ನಿಮ್ಮ ಜಾತಿಯವರು ಮಾಡೋದಾ?" ಎಂದು ಒಬ್ಬರು ಕೇಳಿದರಂತೆ. ಜೊತೆಗಿರುವ ಸಹಾಯಕಿಗೆ ಇನ್ನೊಬ್ಬರು, "ನಿಮ್ಮದೇ ಅಲ್ವಾ ಈ ಕೆಲಸ" ಅಂದರಂತೆ. ಎರಡೂ ಮಾತು ಒಂದೇ ಕೇರಿಯಿಂದ ಬಂದವು. ಕಸ ಹಾಕುವವರು ಎಲ್ಲ ಜಾತಿಯವರೂ ಇದ್ದೇವೆ. ಎತ್ತುವವರು ಮಾತ್ರ ಇಂಥವರೇ ಆಗಬೇಕೇ? ಈ ಮಾತನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಬೇಕಾದವರು ನೀವು ಮತ್ತು ಪಿಡಿಒ ಸಾಹೇಬರು. ನಮ್ಮ ಬಾಯಲ್ಲಿ ಬಂದರೆ ಅದು ಜಗಳ ಎನಿಸಿಕೊಳ್ಳುತ್ತದೆ.

ಆ ಇಬ್ಬರೇ ಊರಿಗೆ ಒಳ್ಳೆ ಮೇಷ್ಟ್ರಾಗಬಲ್ಲರು ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ಯಾವ ಮನೆಯ ಚೀಲದಲ್ಲಿ ಏನಿರುತ್ತದೆ ಎಂದು ಅವರಿಗೆ ಗೊತ್ತು. ವಾರಕ್ಕೆ ಎರಡು ದಿನ ಕಸ ಎತ್ತಲಿ, ಉಳಿದ ದಿನಗಳಲ್ಲಿ ಎರಡು ದಿನ ಸಂಜೆ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನಮ್ಮ ಸಂಘದವರ ಜೊತೆ ಒಂದೊಂದು ಕೇರಿಗೆ ಹೋಗಲಿ. ಆ ಸಂಜೆಗೂ ದುಡ್ಡು ಕೊಡಿ. ಫ್ಲೆಕ್ಸಿಗೆ ಕೊಟ್ಟಿದ್ದರಲ್ಲಿ ಸ್ವಲ್ಪ ಕೊಟ್ಟರೂ ಸಾಕು.

ಶಾಲೆಯಲ್ಲೂ ಚಿತ್ರ ಬಿಡಿಸುವ ಸ್ಪರ್ಧೆ ಸಾಕು. ನನ್ನ ಮಗಳು ಕಸದ ಮೇಲೆ ಚಿತ್ರ ಬಿಡಿಸಿ ಪ್ಲಾಸ್ಟಿಕ್ ಡಬ್ಬಿ ಬಹುಮಾನ ತಂದಳು, ಏನು ಹೇಳೋಣ? ಅದರ ಬದಲು ಐದು, ಆರು, ಏಳನೇ ಕ್ಲಾಸಿನ ಮಕ್ಕಳು ಒಂದು ವಾರ ತಮ್ಮ ಮನೆಯ ಒಣ ಕಸ ಕೂಡಿಟ್ಟು, ಶಾಲೆಯಲ್ಲಿ ತೂಗಿ, ಯಾವ ಕವರು ಎಷ್ಟು ಎಂದು ಲೆಕ್ಕ ಬರೆಯಲಿ. ಅದೇ ಗಣಿತದ ಪಾಠ ಆಗುತ್ತದೆ. ಆ ಲೆಕ್ಕವನ್ನು ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಓದಲಿ. ಪ್ರತಿ ವರ್ಷ ಆ ಸಭೆಯಲ್ಲಿ ಮಕ್ಕಳು ಕಾಂಪೌಂಡು, ಆಟದ ಮೈದಾನ ಕೇಳುತ್ತಾರೆ, ನೀವು ಬರೆದುಕೊಳ್ಳುತ್ತೀರಿ, ಬಿಸ್ಕತ್ತು ಹಂಚುತ್ತೀರಿ, ಕವರು ಅಲ್ಲೇ ಬೀಳುತ್ತವೆ.

ಹಬ್ಬ, ಮದುವೆ ವಿಷಯ ಬೇಗ ಹೇಳುತ್ತೇನೆ. ಊರಮ್ಮನ ಹಬ್ಬದ ಮಾರನೇ ದಿನ ಊರು ಹೇಗಿತ್ತು ಎಂದು ಎಲ್ಲರೂ ನೋಡಿದ್ದೀರಿ. ಮುತ್ತುಗದ ಎಲೆ, ಬಾಳೆ ಎಲೆಯಲ್ಲಿ ಉಂಡ ಊರಿನಲ್ಲಿ ಈಗ ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆ, ನೀರಿಗೊಂದು ಲೋಟ, ಪಾಯಸಕ್ಕೊಂದು ಲೋಟ. ಪ್ಲಾಸ್ಟಿಕ್ಕಿನ, ಥರ್ಮಾಕೋಲಿನ ತಟ್ಟೆ ಲೋಟಗಳಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧವಿದೆ. ಸಮುದಾಯ ಭವನ ಪಂಚಾಯಿತಿಯದು. ಬಾಡಿಗೆ ರಸೀದಿ ಕೊಡುವಾಗಲೇ ಷರತ್ತು ಹಾಕಿ. ಐನೂರು ಸ್ಟೀಲ್ ತಟ್ಟೆ, ಲೋಟ ತಗೊಂಡು ಸಂಘದ ವಶಕ್ಕೆ ಕೊಟ್ಟರೆ ಕಡಿಮೆ ಬಾಡಿಗೆಗೆ ನಾವೇ ಕೊಡುತ್ತೇವೆ, ತೊಳೆದು ಎಣಿಸಿ ಇಟ್ಟುಕೊಳ್ಳುತ್ತೇವೆ. ಕಳೆದರೆ ಲೆಕ್ಕ ನಮ್ಮದು.

ಇನ್ನು ಎರಡು ತರದ ಕಸಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲದೆ ಎಲ್ಲರೂ ಸುಮ್ಮನಿದ್ದಾರೆ. ಒಂದು, ಡೈಪರ್ ಮತ್ತು ಪ್ಯಾಡು. ಇನ್ನೊಂದು, ಗದ್ದೆ ತೋಟಕ್ಕೆ ಹೊಡೆಯುವ ಔಷಧಿಯ ಬಾಟ್ಲಿ. ನಾಲೆ ನೀರಲ್ಲೇ ಔಷಧಿ ಬಾಟ್ಲಿ ತೊಳೆದು ಬದುವಿನ ಮೇಲೆ ಎಸೆಯುವುದು ನಾನೇ ಕಂಡಿದ್ದೇನೆ. ಕೆಲವು ಮನೆಯಲ್ಲಿ ಅದೇ ಬಾಟ್ಲಿಯಲ್ಲಿ ಸೀಮೆಎಣ್ಣೆ ತುಂಬಿಟ್ಟಿರುತ್ತಾರೆ. ರೈತ ಸಂಪರ್ಕ ಕೇಂದ್ರದವರನ್ನು ಒಮ್ಮೆ ಕರೆಸಿ ಹೇಳಿಸಿ. ಪ್ಯಾಡು, ಡೈಪರನ್ನು ಪೇಪರಲ್ಲಿ ಸುತ್ತಿ ಬೇರೆ ಕೊಡಿ ಎಂದು ಹೆಂಗಸರಿಗೆ ನಾವು ಹೇಳಬಲ್ಲೆವು. ಅದು ಗಾಡಿಯಲ್ಲಿ ಬೇರೆ ಡಬ್ಬಿಗೆ ಬೀಳುವಂತೆ, ಆಮೇಲೆ ಸುರಕ್ಷಿತವಾಗಿ ವಿಲೇವಾರಿ ಆಗುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಊರಿನವರಿಗೂ ಒಂದು ಮಾತು. ತಿಂಗಳ ಕಸದ ಶುಲ್ಕ ಕೇಳಿದರೆ "ಕಸ ಕೊಟ್ಟು ದುಡ್ಡೂ ಕೊಡಬೇಕಾ?" ಎಂದು ಜಗಳಕ್ಕೆ ಬರುತ್ತೀರಿ. ಡಿಶ್ಶಿಗೆ, ಮೊಬೈಲ್ ರೀಚಾರ್ಜಿಗೆ ತಪ್ಪದೆ ಕೊಡುತ್ತೀರಲ್ಲ. ಗಾಡಿ ಸರಿಯಾಗಿ ಬರದೆ ಇದ್ದರೆ ಶುಲ್ಕ ಕೊಡಬೇಡಿ, ನಾನೂ ಕೊಡುವುದಿಲ್ಲ. ಬಂದರೆ ಕೊಡಿ.

ನಮ್ಮ ಕೇಳಿಕೆ ದೊಡ್ಡದೇನೂ ಅಲ್ಲ. ಕಸದ ವಿಷಯಕ್ಕೇ ಒಂದು ವಾರ್ಡ್ ಸಭೆ ಕರೆಯಿರಿ, ಸಂಜೆ ಹೊತ್ತು, ಹೆಂಗಸರು ಬರುವ ಹೊತ್ತಿನಲ್ಲಿ. ಕಿರಾಣಿಯವರು, ಕೋಳಿ ಅಂಗಡಿಯವರು, ಹೆಡ್‌ಮೇಷ್ಟ್ರು, ಡೈರಿ ಕಾರ್ಯದರ್ಶಿ, ನೀರುಗಂಟಿ, ಗುಜರಿಯವನು ಎಲ್ಲರನ್ನೂ ಕೂರಿಸಿ. ಗಾಡಿಯ ನಡುವಿನ ತಗಡು ಈ ವಾರವೇ ಹಾಕಿಸಿ, ಅದಕ್ಕೆ ಸಭೆ ಬೇಡ, ವೆಲ್ಡಿಂಗ್ ಅಂಗಡಿ ಸಾಕು. ಬಾಕಿ ಗೌರವಧನ ಕೊಡಿ. ಶೆಡ್ಡಿನ ಹಿಂದೆ ಬೆಂಕಿ ನಿಲ್ಲಿಸಿ, ಒಳಗೆ ಪೇರಿಸಿಟ್ಟ ಸಿಮೆಂಟ್ ಪೈಪು ತೆಗೆಸಿ. ತಾಲ್ಲೂಕು ಪಂಚಾಯಿತಿಗೆ ಬರೆದು, ಮಾರಾಟವಾಗದ ಕವರುಗಳು ಎಲ್ಲಿಗೆ ಹೋಗಬೇಕು ಎಂದು ಲಿಖಿತವಾಗಿ ಉತ್ತರ ತರಿಸಿ. ಮತ್ತೆ, ಪಂಚಾಯಿತಿ ಆಫೀಸಿನ ಬಾಗಿಲ ಪಕ್ಕದ ಕಪ್ಪು ಹಲಗೆ ಮೇಲೆ ತಿಂಗಳಿಗೊಮ್ಮೆ ಬರೆಯಿರಿ: ಇಷ್ಟು ಕೆಜಿ ಒಣ ಕಸ ಬಂತು, ಇಷ್ಟು ಮಾರಿದೆವು, ಇಷ್ಟು ದುಡ್ಡು ಬಂತು, ಇಷ್ಟು ಇಂಥ ಕಡೆ ಕಳಿಸಿದೆವು. ಈಗ ಆ ಹಲಗೆ ಮೇಲೆ ಯಾವುದೋ ಹಳೇ ಗ್ರಾಮಸಭೆಯ ತಾರೀಕು ಇದೆ.

ವಾರ್ಡ್ ಸಭೆಯ ತಾರೀಕು ತಿಳಿಸಿದರೆ ನಮ್ಮ ಸಂಘದವರು ತೂಕದ ಪುಸ್ತಕದ ಜೊತೆ ಬರುತ್ತೇವೆ. ಮಳೆಗಾಲದ ಬೆಳೆಗೆ ನಾಲೆಗೆ ನೀರು ಬಿಡುವ ಮೊದಲು ಸಭೆ ಆಗಲಿ. ಆಮೇಲೆ ನಾವೆಲ್ಲ ಗದ್ದೆಯಲ್ಲಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸ್ವಸಹಾಯ ಸಂಘದ ಒಬ್ಬ ಸದಸ್ಯೆ